ಪಿಎಫ್ ಆನ್‌ಲೈನ್ ಸೇವೆ: ರೊಕ್ಕ ಗಟ್ಟಿ, ಹೆಸರು ಸಡಿಲ

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕೆಲಸಗಾರರಿರಲಿ, ಕಲಬುರಗಿಯ ದಾಲ್ ಮಿಲ್ ನೌಕರರಿರಲಿ, ಯಾದಗಿರಿ ಕಡೇಚೂರಿನ ಕಾರ್ಖಾನೆಯವರಿರಲಿ, ಪಗಾರ ಚೀಟಿಯಲ್ಲಿ ಪಿಎಫ್ ಕಡಿತವಾದರೆ ಲೆಕ್ಕ ಸಾಮಾನ್ಯವಾಗಿ ಕೇಂದ್ರದ ಭವಿಷ್ಯ ನಿಧಿ ಸಂಸ್ಥೆಯಾದ ಇಪಿಎಫ್‌ಒದಲ್ಲೇ ಇರುತ್ತದೆ. ಅದರ ಸದಸ್ಯರ ಪೋರ್ಟಲ್ ಮತ್ತು ಉಮಂಗ್ ಆ್ಯಪ್ ಹೇಗಿವೆ ಎಂದು ಕೇಳಿದರೆ ಉತ್ತರ ಎರಡು. ರೊಕ್ಕ ಕಾಯುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ದಾಖಲೆ ತಿದ್ದುವ ಕೆಲಸಕ್ಕೆ ಎರಡೂವರೆ ದಾಟುವುದಿಲ್ಲ.

ಮೊದಲು ಪಾಸ್‌ಬುಕ್ ಓದಲು ಕಲಿಯಬೇಕು. ಮೂಲ ಪಗಾರ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಎಂದುಕೊಳ್ಳಿ. ನಿಮ್ಮ ಪಾಲು 12%, ಅಂದರೆ 1,800. ಮಾಲೀಕರೂ ಅಷ್ಟೇ ಹಾಕುತ್ತಾರೆ, ಆದರೆ ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗಿ ಪಿಎಫ್‌ಗೆ ಬರುವುದು 550 ಮಾತ್ರ. ಪಾಸ್‌ಬುಕ್‌ನ ಮೂರು ಕಾಲಂ ಇವೇ. 2024-25ರ 8.25% ಬಡ್ಡಿ ಸಿಕ್ಕಿದ್ದು ಮೊದಲಿನ ಎರಡಕ್ಕೆ. ಪಿಂಚಣಿ ಕಾಲಂಗೆ ಬಡ್ಡಿಯೇ ಇಲ್ಲ, ‘ಬಡ್ಡಿ ಹಾಕಿಲ್ಲ’ ಎಂದು ಗಾಬರಿಯಾಗಬೇಡಿ. ಗಾಬರಿಯಾಗಬೇಕಾದ್ದು ಬೇರೆಯದಕ್ಕೆ. ಗುತ್ತೇದಾರ ಎರಡೂ ಪಾಲನ್ನು ನಿಮ್ಮ ಪಗಾರದಿಂದಲೇ ಕತ್ತರಿಸುತ್ತಿದ್ದರೆ ಅದು ಕಾನೂನುಬಾಹಿರ. ಪಗಾರ ಚೀಟಿಯಲ್ಲಿ ಕಡಿತವಾಗಿದ್ದು ಪಾಸ್‌ಬುಕ್‌ನಲ್ಲಿ ಬಾರದಿದ್ದರೂ ಸುಮ್ಮನಿರಬೇಡಿ. ನೋಂದಾಯಿತ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತು, ಬಾಕಿ ಎರಡೂ ಎಸ್‌ಎಂಎಸ್‌ನಲ್ಲಿ ಬರುತ್ತವೆ. ಈ ಸೌಲಭ್ಯಕ್ಕೆ ಹೆಸರಿಡುವಂತಿಲ್ಲ.

ಇನ್ನು ಹೆಸರಿನ ಗೋಳು. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಗೆ ಲೆಕ್ಕವಿಲ್ಲ. ಬಸವರಾಜನ ‘ವ’ಕ್ಕೆ ಆಧಾರ್‌ನಲ್ಲಿ ಡಬ್ಲ್ಯೂ, ಕಾರ್ಖಾನೆಯ ರಿಜಿಸ್ಟರಿನಲ್ಲಿ ವಿ. ಶರಣಬಸಪ್ಪನ ‘ರ’ ಆದಮೇಲಿನ ‘ಎ’ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಮೊಹಮ್ಮದ್ ಎಂಬುದು ಒಂದೆಡೆ ಪೂರ್ತಿ, ಇನ್ನೊಂದೆಡೆ ಬರೀ ‘ಎಂಡಿ’. ಹುಟ್ಟಿದ ದಿನವೂ ಅಷ್ಟೇ: ಶಾಲೆಯ ದಾಖಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1. ಒಂದಕ್ಷರ ತಪ್ಪಿದರೂ ಕ್ಲೇಮ್ ವಾಪಸ್ ಬರಬಹುದು. ಪೋರ್ಟಲ್ ಆಧಾರ್‌ನಲ್ಲಿ ಇದ್ದದ್ದನ್ನೇ ಸತ್ಯವೆಂದು ನಂಬುತ್ತದೆ. ಆದ್ದರಿಂದ ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಪಿಎಫ್ ದಾಖಲೆ ತಿದ್ದುವ ‘ಜಾಯಿಂಟ್ ಡಿಕ್ಲರೇಷನ್’ ಅರ್ಜಿ ಹಾಕಿ. ಈ ಕ್ರಮ ತಿರುಗುಮುರುಗಾದರೆ ಕೆಲಸ ಎರಡೆರಡು ಸಲ. 2017ರ ಅಕ್ಟೋಬರ್ 1ರ ನಂತರ ಬಂದ, ಆಧಾರ್ ಜೋಡಿಸಿದ ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಕಾಯಂ ನಂಬರ್) ಆದರೆ 2025ರ ಜನವರಿಯಿಂದ ಹೆಸರು, ಹುಟ್ಟಿದ ದಿನ, ತಂದೆ-ತಾಯಿ ಹೆಸರು, ಕೆಲಸಕ್ಕೆ ಸೇರಿದ-ಬಿಟ್ಟ ದಿನಾಂಕಗಳನ್ನು ದಾಖಲೆ ಲಗತ್ತಿಸದೆ ನೀವೇ ತಿದ್ದಬಹುದು. ಅದಕ್ಕಿಂತ ಹಳೆಯ ಯುಎಎನ್ ಆದರೆ ಮಾಲೀಕರ ಒಪ್ಪಿಗೆ ಬೇಕು. ಹಳೇ ಗುತ್ತೇದಾರ ಊರೇ ಬಿಟ್ಟಿದ್ದರೆ ಅಲೆದಾಟ ತಪ್ಪಿದ್ದಲ್ಲ. ಇಷ್ಟೆಲ್ಲ ತಿದ್ದುವ ಪುಟಗಳಲ್ಲಿ ಕನ್ನಡವಿಲ್ಲ. ಇದಕ್ಕೇ ಅರ್ಧ ಅಂಕ ಕಡಿದದ್ದು.

ಗುತ್ತೇದಾರ ಬದಲಾದಾಗ ಯುಎಎನ್ ಅದೇ ಇರಬೇಕು, ಹೊಸದಾಗುವುದು ಸದಸ್ಯತ್ವದ ನಂಬರ್ ಮಾತ್ರ. ಹೊಸ ಕಡೆ ಸೇರುವಾಗ ಹಳೇ ಯುಎಎನ್ ಕೊಡದಿದ್ದರೆ ಎರಡು ಯುಎಎನ್ ಆಗಿ, ಸೇವೆ ಎರಡು ತುಂಡಾಗುತ್ತದೆ. ಹಳೆಯ ಕಡೆಯವರು ಕೆಲಸ ಬಿಟ್ಟ ದಿನಾಂಕ ಹಾಕದೇ ಹೋಗುವುದು ಮಾಮೂಲು, ಅದಿಲ್ಲದೆ ಪೂರ್ತಿ ಹಣ ತೆಗೆಯುವ ಅರ್ಜಿ ಮುಂದೆ ಹೋಗುವುದಿಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ‘ಮ್ಯಾನೇಜ್’ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ ನೀವೇ ಹಾಕಿಕೊಳ್ಳಬಹುದು. ದಿನಾಂಕ ಕೊನೆಯ ಕಂತಿನ ತಿಂಗಳೊಳಗೇ ಇರಬೇಕು.

ಆನ್‌ಲೈನ್ ಸೆಂಟರುಗಳಲ್ಲಿ ನಡೆಯುವ ದೊಡ್ಡ ಅನಾಹುತ ಫಾರ್ಮ್ 10ಸಿಯದು. ಕೆಲಸ ಬಿಟ್ಟವರು ಬಂದ ಕೂಡಲೇ ಪಿಎಫ್‌ನ ಫಾರ್ಮ್ 19, ಪಿಂಚಣಿಯ 10ಸಿ ಎರಡನ್ನೂ ಒಟ್ಟಿಗೆ ಒತ್ತಿಬಿಡುತ್ತಾರೆ. ನಾಲ್ಕು ಕಾಸು ಹೆಚ್ಚು ಕೈಗೆ ಬರುತ್ತದೆ, ಖುಷಿಯಾಗುತ್ತದೆ. ಆದರೆ ಪಿಂಚಣಿಗೆ ಬೇಕಾದ 10 ವರ್ಷದ ಎಣಿಕೆ ಅಲ್ಲಿಗೆ ಸೊನ್ನೆ. ಮೂರು ವರ್ಷಕ್ಕೊಮ್ಮೆ ಹೀಗೆ ಮಾಡಿದವರು 20 ವರ್ಷ ದುಡಿದರೂ 58ಕ್ಕೆ ಪಿಂಚಣಿ ಇಲ್ಲದೆ ನಿಲ್ಲುತ್ತಾರೆ. ಲೆಕ್ಕ ಹೀಗಿದೆ: ಕೊನೆಯ 60 ತಿಂಗಳ ಸರಾಸರಿ ಪಗಾರವನ್ನು (ಮಿತಿ 15,000) ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 10 ವರ್ಷಕ್ಕೆ ತಿಂಗಳಿಗೆ ಸುಮಾರು 2,143 ರೂಪಾಯಿ. 20 ವರ್ಷ ದಾಟಿದರೆ ಎರಡು ವರ್ಷ ಕೊಸರು ಸಿಗುತ್ತದೆ, ಹಾಗಾಗಿ 22 ವರ್ಷದವರಿಗೆ 24ರ ಲೆಕ್ಕದಲ್ಲಿ 5,143. ದೊಡ್ಡ ಮೊತ್ತವೇನಲ್ಲ, ಬಿಡಿ. ಆದರೂ ತಮ್ಮ ನಂತರ ಹೆಂಡತಿಗೂ ವಿಧವಾ ಪಿಂಚಣಿ ಸಿಗುತ್ತದೆ. ಬೇರೆ ಕಡೆ ಸೇರಿದ್ದರೆ ಹಣ ತೆಗೆಯದೆ ಫಾರ್ಮ್ 13ರಲ್ಲಿ ವರ್ಗಾಯಿಸಿ. ಸೇರಿಲ್ಲ, ಹಣ ಬೇಕೇ ಬೇಕು ಎಂದರೆ ಹಣಕ್ಕೆ ಫಾರ್ಮ್ 19 ಮಾತ್ರ ಹಾಕಿ, 10ಸಿಯಲ್ಲಿ ಹಣದ ಬದಲು ಸೇವೆಯ ವರ್ಷಗಳನ್ನು ಉಳಿಸುವ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ. ಸೇವೆ 5 ವರ್ಷದೊಳಗಿದ್ದು ಮೊತ್ತ 50,000 ಮುಟ್ಟಿದರೆ ಪ್ಯಾನ್ ಇದ್ದರೂ 10% ತೆರಿಗೆ ಮುರಿಯುತ್ತಾರೆ. ಆದಾಯ ತೆರಿಗೆ ಮಿತಿಯೊಳಗಿನವರು ‘ತೆರಿಗೆ ಮುರಿಯಬೇಡಿ’ ಎಂಬ ಘೋಷಣೆಯ ಫಾರ್ಮ್ ಜೊತೆಗೇ ಹಾಕಬೇಕು.

ಗ್ರಾಚ್ಯುಟಿಯನ್ನು ಈ ಪೋರ್ಟಲ್‌ನಲ್ಲಿ ಹುಡುಕಬೇಡಿ, ಅದನ್ನು ಕೊಡಬೇಕಾದವರು ಮಾಲೀಕರು.

ಬೀದರದಿಂದ ಕಲಬುರಗಿಯ ಪ್ರಾದೇಶಿಕ ಕಚೇರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಒಂದು ಸಹಿಗಾಗಿ ದಿನದ ಪಗಾರ ಕಳೆದುಕೊಳ್ಳುವ ಬದಲು ಪ್ರತಿ ತಿಂಗಳು 27ಕ್ಕೆ ಜಿಲ್ಲೆಗಳಲ್ಲಿ ನಡೆಯುವ ಇಪಿಎಫ್‌ಒದ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಹೋಗಿ. ಯುಎಎನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಪಗಾರ ಚೀಟಿ, ಜೊತೆಗೆ ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಫೋನ್ ಕೈಯಲ್ಲಿರಲಿ. ಒಟಿಪಿ ಬರುವ ಫೋನ್ ಮನೆಯಲ್ಲಿ ಬಿಟ್ಟರೆ ಶಿಬಿರದವರೂ ಕೈಚೆಲ್ಲುತ್ತಾರೆ.

ಹೋದಾಗ ನಾಮಿನೇಷನ್ ಕೂಡ ನೋಡಿಕೊಳ್ಳಿ. ಪ್ರೊಫೈಲ್‌ನಲ್ಲಿ ನಿಮ್ಮ ಫೋಟೋ ಇಲ್ಲದಿದ್ದರೆ ಇ-ನಾಮಿನೇಷನ್ ತೆರೆಯುವುದೇ ಇಲ್ಲ. ಹೆಸರು ತುಂಬಿ ‘ಸೇವ್’ ಒತ್ತಿದ್ದಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕೊನೆಯ ‘ಇ-ಸೈನ್’ ಒತ್ತಿ ಆಧಾರ್ ಒಟಿಪಿ ಹಾಕದಿದ್ದರೆ ಅದು ದಾಖಲೆಯೇ ಅಲ್ಲ. ಮದುವೆಗೆ ಮುಂಚೆ ತಾಯಿಯ ಹೆಸರು ಹಾಕಿದ್ದವರಿಗೆ ಇನ್ನೊಂದು ಮಾತು: ಮದುವೆಯಾದ ದಿನವೇ ಆ ನಾಮಿನೇಷನ್ ರದ್ದು. ಕೆಲಸದಲ್ಲಿದ್ದಾಗ ಸದಸ್ಯರು ತೀರಿಕೊಂಡರೆ ಸಿಗುವ, 7 ಲಕ್ಷದವರೆಗಿನ ಇಡಿಎಲ್ಐ ವಿಮೆಯ ಹಣವೂ ಇದೇ ಹೆಸರಿನ ಮೇಲೆ ನಿಂತಿರುವುದರಿಂದ ಹೊಸದಾಗಿ ತುಂಬಿ.