ಗ್ರಾಮರ್ ವರ್ಕ್‌ಬುಕ್ಕೋ, ಪದಪಟ್ಟಿಯೋ, ಕಥೆಯೋ? ನಮ್ಮ ಜಗಲಿ ಟ್ಯೂಷನ್ನಿನ ಮೂರು ವರ್ಷ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಸಂಜೆ ಜಗಲಿಗೆ ಏಳೆಂಟು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಎಲ್ಲರೂ ಕನ್ನಡ ಮಾಧ್ಯಮದವರು, ಆರು ಮತ್ತು ಏಳನೇ ಕ್ಲಾಸು. ಮನೆಯಲ್ಲಿ ಕೆಲವರದ್ದು ತುಳು, ಕೆಲವರದ್ದು ಹವ್ಯಕ, ಇಬ್ಬರದ್ದು ಮಲಯಾಳ. ಇಷ್ಟು ಭಾಷೆಯಲ್ಲಿ ಜಗಳ ಆಡುವ ಮಕ್ಕಳು ಇಂಗ್ಲಿಷ್ ಅಂದ ಕೂಡಲೇ ಮೂಕರಾಗುತ್ತಾರೆ. ಅದಕ್ಕೇ ವರ್ಷಕ್ಕೊಂದು ದಾರಿ ಹಿಡಿದು ನೋಡಿದೆ.

ಮೊದಲನೇ ವರ್ಷ ಗ್ರಾಮರ್ ವರ್ಕ್‌ಬುಕ್. ಬಿಟ್ಟ ಜಾಗ ತುಂಬಿಸುವುದು, ಗೆರೆ ಎಳೆಯುವುದು, ಸರಿ ಉತ್ತರಕ್ಕೆ ಸುತ್ತು ಹಾಕುವುದು. ಅಪ್ಪ ಅಮ್ಮಂದಿರಿಗೆ ತುಂಬಾ ಇಷ್ಟ, ಯಾಕೆಂದರೆ ಪುಸ್ತಕ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ನನಗೂ ಸುಲಭ, ಕೆಂಪು ಪೆನ್ನು ಹಿಡಿದು ಕೂತರೆ ಮುಗಿಯಿತು. ಒಬ್ಬಳು ಹುಡುಗಿ ಗೋ, ಗೋಸ್ ಅಭ್ಯಾಸದಲ್ಲಿ ಇಪ್ಪತ್ತರಲ್ಲಿ ಹದಿನೆಂಟು ಸರಿ ಮಾಡಿದಳು. ಆಮೇಲೆ ಕೇಳಿದಳು: ‘ಟೀಚರ್, ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ ಅಂತ ಎಲ್ಲದಕ್ಕೂ ಬಾಲ ಉಂಟಲ್ಲ. ಇಂಗ್ಲಿಷಲ್ಲಿ ಹಿ, ಶಿ, ಇಟ್ ಬಂದರೆ ಮಾತ್ರ ಯಾಕೆ?’ ಪ್ರಶ್ನೆ ಒಳ್ಳೆಯದೇ. ಹಿಂದೆ ಇಂಗ್ಲಿಷಿನಲ್ಲೂ ಬೇರೆ ಬಾಲಗಳಿದ್ದವು, ಒಂದೊಂದೇ ಉದುರಿ ಹೋಗಿ ಇದೊಂದು ಉಳಿಯಿತು ಎಂದೆ. ಅವಳಿಗೆ ಖುಷಿಯಾಯಿತು.

ಆದರೆ ಓಣಂ ಪರೀಕ್ಷೆ, ಅಂದರೆ ಇಲ್ಲಿನ ಶಾಲೆಗಳ ಮೊದಲ ಅವಧಿಯ ಪರೀಕ್ಷೆ, ಬಂತು. ಇಲ್ಲಿನ ಯು.ಪಿ. (ಅಪ್ಪರ್ ಪ್ರೈಮರಿ) ಇಂಗ್ಲಿಷ್ ಪೇಪರಿನಲ್ಲಿ ಬರೀ ಬಿಟ್ಟ ಜಾಗ ತುಂಬಿಸಿದರೆ ಆಗುವುದಿಲ್ಲ. ಡೈರಿ ಬರೆ, ಪತ್ರ ಬರೆ, ಇಬ್ಬರ ಮಾತುಕತೆ ಬರೆ ಎನ್ನುತ್ತಾರೆ. ಅದೇ ಹುಡುಗಿ ಡೈರಿಯಲ್ಲಿ ಬರೆದದ್ದು: ‘ಟುಡೇ ಐ ಈಸ್ ವೆಂಟ್ ಮಾಮ ಹೌಸ್.’ ನಿಯಮ ಗೊತ್ತಿತ್ತು. ವಾಕ್ಯ ಗೊತ್ತಿರಲಿಲ್ಲ.

ಎರಡನೇ ವರ್ಷ ಪದಪಟ್ಟಿ. ದಿನಕ್ಕೆ ಹತ್ತು ಪದ, ಎದುರಿಗೆ ಕನ್ನಡ ಅರ್ಥ, ಶುಕ್ರವಾರ ಪರೀಕ್ಷೆ. ನನ್ನ ಮಟ್ಟಿಗೆ ಮೂರರಲ್ಲಿ ತೀರಾ ದಂಡವಾದದ್ದು ಇದೇ. ಶುಕ್ರವಾರ ಎಲ್ಲಾ ಬರುತ್ತಿತ್ತು, ಸೋಮವಾರ ಅರ್ಧ ಮಾಯ. ಬಂದದ್ದೂ ತಪ್ಪು ಜಾಗಕ್ಕೆ ಹೋಗಿ ಕೂರುತ್ತಿತ್ತು. ‘ಲೈಟ್’ ಅಂದರೆ ಬೆಳಕು ಎಂದು ಬಾಯಿಪಾಠ ಮಾಡಿದ ಹುಡುಗ ‘ಲೈಟ್ ಬ್ಯಾಗ್’ಗೆ ಬೆಳಕಿನ ಚೀಲ ಎಂದು ಬರೆದ. ಅವನ ತಪ್ಪೇನಿಲ್ಲ ಬಿಡಿ, ಪಟ್ಟಿಯಲ್ಲಿ ಹಾಗೇ ಇತ್ತು.

ಹಾಗಂತ ಪಟ್ಟಿ ಎನ್ನುವುದೇ ಕೆಟ್ಟದ್ದಲ್ಲ. ಢಾಕಾದಲ್ಲಿ ಟೀಚರ್ ಟ್ರೈನಿಂಗ್ ಕಾಲೇಜು ನಡೆಸಿದ್ದ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2000 ಸಾಮಾನ್ಯ ಪದಗಳ ಪಟ್ಟಿ ಕೊಟ್ಟ. ಆದರೆ ಬಂಗಾಳದ ಮಕ್ಕಳಿಗೆ ಮೊದಲು ಓದಲು ಕಲಿಸಿ ಎಂದು ವಾದ ಮಾಡಿದ್ದೂ ಅವನೇ. ನಾನು ಪಟ್ಟಿಯನ್ನು ಹಿಡಿದುಕೊಂಡು ಓದನ್ನು ಬಿಟ್ಟಿದ್ದೆ.

ಮೂರನೇ ವರ್ಷ ಕಥೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ 2015ರಿಂದ ಇದೆ, ಕಥೆಗಳು ಪುಕ್ಕಟೆ, ಪ್ರಿಂಟ್ ಹಾಕಿಕೊಳ್ಳಲೂ ಅಡ್ಡಿಯಿಲ್ಲ. ಓದುವ ಮಟ್ಟ ನಾಲ್ಕು. ಮೊದಲನೆಯದು 250 ಪದದ ಒಳಗೆ, ಎರಡನೆಯದು 600ರವರೆಗೆ. ಏಳನೇ ಕ್ಲಾಸಿನವರಿಗೂ ಒಂದನೇ ಮಟ್ಟದಿಂದಲೇ ಶುರು ಮಾಡಿದೆ. ‘ಇದು ಚಿಕ್ಕ ಮಕ್ಕಳದ್ದು’ ಎಂದು ಮೂಗು ಮುರಿದರು. ಒಂದು ವಾರಕ್ಕೆ ಸುಮ್ಮನಾದರು, ಯಾಕೆಂದರೆ ಮೊದಲ ಸಲ ಒಂದು ಇಂಗ್ಲಿಷ್ ಪುಸ್ತಕ ಕೊನೆಯವರೆಗೆ ಓದಿ ಮುಗಿಸಿದ್ದರು.

ನಿಯಮ ಇಷ್ಟೇ. ಮೊದಲ ಓದು ನನ್ನದು, ಗಟ್ಟಿಯಾಗಿ. ಎರಡನೆಯದು ಅವರದ್ದು, ಬೆರಳಿಟ್ಟುಕೊಂಡು. ಅರ್ಥ ಕೇಳಬಾರದು, ಊಹೆ ಮಾಡಬೇಕು. ‘ಸಡನ್ಲಿ’ ಅಂದರೆ ಏನು ಎಂದು ನಾನೇ ಕೇಳಿದಾಗ ಬೆಳಕಿನ ಚೀಲದ ಹುಡುಗ ಹೇಳಿದ: ‘ಅದು ಬಂದ ಮೇಲೆ ಏನಾದರೂ ಆಗ್ತದೆ ಟೀಚರ್. ಹಾವು ಬರ್ತದೆ, ಇಲ್ಲಾ ಮಳೆ ಬರ್ತದೆ.’ ಇಂಥ ಅರ್ಥ ಯಾವ ಪಟ್ಟಿಯಲ್ಲಿದೆ ಹೇಳಿ?

ಇದರ ಕೊರತೆಯನ್ನೂ ಹೇಳಬೇಕು. ತುಂಬಾ ನಿಧಾನ. ಓಣಂ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಒಬ್ಬರು ಅಪ್ಪ ಬಂದು ‘ಬರೀ ಕಥೆ ಹೇಳ್ತೀರಂತೆ’ ಎಂದು ಮೆತ್ತಗೆ ಗದರಿಯೂ ಹೋದರು. ಬದಲಾವಣೆ ಕಂಡದ್ದು ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ, ಡೈರಿಯಲ್ಲಿ. ತಪ್ಪು ಹಾಗೇ ಇತ್ತು, ಆದರೆ ಎರಡು ಸಾಲು ಬರೆಯುತ್ತಿದ್ದವರು ಒಂದು ಪುಟ ಬರೆದಿದ್ದರು. ತಿದ್ದಲು ಏನಾದರೂ ಸಿಕ್ಕಿತಲ್ಲ!

ಗ್ರಾಮರ್ ಬೇಕಾದದ್ದು ಆಗಲೇ. ಈಗ ಅವರದೇ ಬರಹದಿಂದ ವಾರಕ್ಕೆ ಒಂದೇ ತಪ್ಪು ಆರಿಸಿ ಜಗಲಿ ಗೋಡೆಯ ಬೋರ್ಡಿನಲ್ಲಿ ಬರೆಯುತ್ತೇನೆ. ಹ್ಯಾಸ್ ಕಮ್ ಮತ್ತು ಕೇಮ್ ವ್ಯತ್ಯಾಸಕ್ಕೆ ಮೊದಲ ವರ್ಷ ವರ್ಕ್‌ಬುಕ್ಕಿನ ಮೂರು ಪುಟ ಮಾಡಿಸಿದ್ದೆ, ಯಾರಿಗೂ ಹತ್ತಿರಲಿಲ್ಲ. ಈ ಸಲ ತುಳುವಿನಲ್ಲಿ ಕೇಳಿದೆ. ‘ಮಾಮ ಬತ್ತೆರ್, ಮಾಮ ಬೈದೆರ್. ಎರಡೂ ಒಂದೇಯಾ?’ ಅಲ್ಲ ಎಂದು ಎಲ್ಲರೂ ಕಿರುಚಿದರು. ‘ಬೈದೆರ್ ಅಂದರೆ ಈಗ ಮನೆಯಲ್ಲಿದ್ದಾರೆ, ಚಾ ಇಡಬೇಕು.’ ಅಷ್ಟೇ, ಹ್ಯಾಸ್ ಕಮ್ ಅಂದರೆ ಬೈದೆರ್. ಕನ್ನಡದ ಬಂದರು, ಬಂದಿದ್ದಾರೆ ಸಾಕಾಗುತ್ತಿತ್ತು, ಆದರೆ ಮನೆಮಾತಿನಲ್ಲಿ ಕೇಳಿದ್ದಕ್ಕೆ ಆ ಕಿರುಚಾಟ ಬಂತು. ಒಂದು ಎಚ್ಚರಿಕೆ: ನಾವು ‘ನಿನ್ನೆ ಬಂದಿದ್ದಾರೆ’ ಎಂದು ಆರಾಮಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಯೆಸ್ಟರ್‌ಡೇ ಬಂದರೆ ಹ್ಯಾಸ್ ಕಮ್ ನಡೆಯುವುದಿಲ್ಲ, ಕೇಮ್ ಆಗಬೇಕು. ಇದನ್ನು ಬೇರೆಯಾಗಿ ಹೇಳಿಕೊಡಲೇಬೇಕು.

ನಡುವೆ ಇನ್ನೊಂದನ್ನೂ ಒಂದು ವಾರ ನೋಡಿದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಶಾಲೆಗಳಲ್ಲಿ ನಡೆಸಿದ ಬೆಂಗಳೂರು ಪ್ರಾಜೆಕ್ಟ್ ಎಂಬ ಪ್ರಯೋಗದಲ್ಲಿ ಗ್ರಾಮರ್ ಪಾಠ ಇರಲಿಲ್ಲ. ಸಮಯಪಟ್ಟಿ, ನಕ್ಷೆ ಕೊಟ್ಟು ಲೆಕ್ಕಾಚಾರ ಮಾಡಿಸುತ್ತಿದ್ದರು. ನಾನು ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಮಂಗಳೂರು ರೈಲಿನ ಸಮಯ ಬರೆದು, ಹತ್ತು ಗಂಟೆಗೆ ಮಂಗಳೂರಲ್ಲಿರಲು ಯಾವ ರೈಲು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಗಲಾಟೆ ಜೋರು, ಪೂರಾ ತುಳುವಿನಲ್ಲಿ. ಉತ್ತರ ಮಾತ್ರ ಇಂಗ್ಲಿಷಿನ ಮೂರು ಪದ. ಮಳೆಗೆ ರಜೆ ಸಿಕ್ಕಿ ಮಕ್ಕಳು ಬೇಗ ಬಂದ ದಿನಕ್ಕೆ ಒಳ್ಳೆಯದು, ದಿನಾ ನನಗೆ ಆಗದು.

ಪದಗಳಿಗೆ ಈಗ ಚಪ್ಪಲಿ ಡಬ್ಬಿ ಇದೆ, ಒಳಗೆ ಮೂರು ಖಾನೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ ಉಪಾಯ. ಗೊತ್ತಿದ್ದ ಚೀಟಿ ಒಂದು ಖಾನೆ ಹಿಂದಕ್ಕೆ, ಮರೆತದ್ದು ಮತ್ತೆ ಎಲ್ಲಕ್ಕಿಂತ ಮುಂದಿನ ಖಾನೆಗೆ. ಮುಂದಿನ ಖಾನೆಯ ಚೀಟಿ ದಿನಾ ನೋಡುವುದು, ನಡುವಿನದ್ದು ಮೂರು ದಿನಕ್ಕೊಮ್ಮೆ, ಹಿಂದಿನದ್ದು ವಾರಕ್ಕೊಮ್ಮೆ. ಚೀಟಿಯಲ್ಲಿ ಬರೀ ಪದ ಬರೆಯುವಂತಿಲ್ಲ, ಕಥೆಯ ಸಾಲೇ ಬರಬೇಕು.

ನಿಮ್ಮಲ್ಲಿ ಒಂದು ತಿಂಗಳಷ್ಟೇ ಇದ್ದರೆ ವರ್ಕ್‌ಬುಕ್ಕೇ ಸರಿ, ಸುಳ್ಳು ಹೇಳುವುದಿಲ್ಲ. ವರ್ಷ ಇದ್ದರೆ ಕಥೆ. ನಮ್ಮಲ್ಲಿ ವರ್ಕ್‌ಬುಕ್ ಪರೀಕ್ಷೆಗೆ ಎರಡು ವಾರ ಇರುವಾಗ ತೆರೆಯುತ್ತದೆ. ಉಳಿದ ದಿನ ಜಗಲಿಯ ಗಾಳಿಗೆ ಕಥೆಯ ಹಾಳೆ ಹಾರದ ಹಾಗೆ ಮೇಲೆ ಇಡಲು ಬೇಕಾಗುತ್ತದೆ. ತೂಕ ಚೆನ್ನಾಗಿದೆ.