ಬಾಡಿಗೆ ಇತಿಹಾಸದ ವರದಿ ಕೊಡುವ ಸೇವೆ: ಬಳಸಿ ನೋಡಿದ ಮೇಲೆ

ಹೊಸ ಮನೆಗೆ ಅರ್ಜಿ ಹಾಕುವ ಮೊದಲು, ಮನೆ ಮಾಲೀಕರು ನನ್ನ ಬಗ್ಗೆ ಏನು ಓದುತ್ತಾರೆಂದು ತಿಳಿಯಲು, ಬಾಡಿಗೆದಾರರ ಪೂರ್ವಾಪರ ಪರಿಶೀಲಿಸುವ ಸಂಸ್ಥೆಯೊಂದರಿಂದ ನನ್ನದೇ ವರದಿ ತರಿಸಿಕೊಂಡೆ. ಹಳೆಯ ವಿಳಾಸಗಳು, ಬಾಡಿಗೆ ಪಾವತಿ, ಮನೆ ತೆರವಿನ ಮೊಕದ್ದಮೆಗಳ ವಿವರ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿದ್ದವು. ಆದರೆ ನಾನು ಪೂರ್ತಿ ತೀರಿಸಿದ್ದ ಕೊನೆಯ ತಿಂಗಳ ಬಾಡಿಗೆಯ ಮುಂದೆ ‘ಬಾಕಿ’ ಎಂದಿದ್ದುದನ್ನು ಕಂಡು ನಿಜಕ್ಕೂ ನೋವಾಯಿತು. ಬ್ಯಾಂಕ್ ಸ್ಟೇಟ್‌ಮೆಂಟ್, ರಸೀದಿ ಹಾಗೂ ಬೀಗದ ಕೈ ಹಿಂದಿರುಗಿಸಿದ ದಿನ ಹಳೆಯ ಮಾಲೀಕರು ಸಹಿ ಹಾಕಿಕೊಟ್ಟಿದ್ದ ಪತ್ರವನ್ನು ಲಗತ್ತಿಸಿ ಲಿಖಿತ ಆಕ್ಷೇಪಣೆ ಸಲ್ಲಿಸಿದ ಮೇಲೆ, 3 ವಾರಗಳಲ್ಲಿ ಆ ನಮೂದನ್ನು ತೆಗೆದು ತಿದ್ದಿದ ಪ್ರತಿಯನ್ನು ಕಳುಹಿಸಿದರು. ಫೋನಿನಲ್ಲಿ ಮಾತ್ರ ಸರಿಯಾದ ಉತ್ತರ ಸಿಗುವುದಿಲ್ಲ. ನಿಜವಾದ ಬಾಕಿಯನ್ನು ಯಾವ ಸೇವೆಯೂ ಅಳಿಸಲಾರದು. ಅದನ್ನು ತೀರಿಸಿ, ‘ಬಾಕಿ ಇಲ್ಲ’ ಎಂಬ ಪತ್ರ ಪಡೆದು, ವರದಿಯಲ್ಲಿ ದಾಖಲಾಗುವಂತೆ ನಾವೇ ನೋಡಿಕೊಳ್ಳಬೇಕು.