ನಾರ್ವೆಯ ಹಳ್ಳಿ ಸ್ತೋತ್ರಗಳು ಪಶ್ತೋದಲ್ಲಿ: 'ವಾಟ್ ವಾಸ್ ಸೆಡ್' ಆಲ್ಬಮ್

ಚರ್ಚಿನ ಹಳೆಯ ಜಾನಪದ ಹಾಡುಗಳನ್ನು ಜಾಝ್‌ಗೆ ತಂದರೆ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು 'ವಾಟ್ ವಾಸ್ ಸೆಡ್'. ನಾರ್ವೆಯ ಪಿಯಾನೊ ವಾದಕ ಟೋರ್ಡ್ ಗುಸ್ತಾವ್ಸೆನ್ ಅವರ ಆಲ್ಬಮ್, 2016ರಲ್ಲಿ ಜರ್ಮನಿಯ ಇಸಿಎಂ ಅನ್ನೋ ರೆಕಾರ್ಡ್ ಕಂಪನಿ ಹೊರತಂದಿದ್ದು. ನುಡಿಸುವವರು, ಹಾಡುವವರು ಸೇರಿ ಮೂರೇ ಜನ. ಪಿಯಾನೊದಲ್ಲಿ ಗುಸ್ತಾವ್ಸೆನ್, ಡ್ರಮ್ಸ್‌ನಲ್ಲಿ ಯಾರ್ಲೆ ವೆಸ್ಪೆಸ್ತಾದ್, ಹಾಡಿದವರು ಸಿಮಿನ್ ತಾಂಡರ್. ಬೇಸ್ ವಾದಕರಿಲ್ಲ. ಆ ಜಾಗವನ್ನು ಗುಸ್ತಾವ್ಸೆನ್ ಅವರೇ ಸಿಂತ್‌ನಲ್ಲಿ (ಎಲೆಕ್ಟ್ರಾನಿಕ್ ಕೀಬೋರ್ಡ್) ಅಲ್ಲಲ್ಲಿ ತುಂಬುತ್ತಾರೆ, ಉಳಿದ ಕಡೆ ಖಾಲಿ ಬಿಡುತ್ತಾರೆ.

ಇದರಲ್ಲಿರುವ ಸುಮಾರು ಹಾಡುಗಳು ನಾರ್ವೆಯ ಲೂಥರನ್, ಅಂದರೆ ಅಲ್ಲಿನ ಪ್ರಾಟೆಸ್ಟಂಟ್ ಚರ್ಚಿನ ಸ್ತೋತ್ರಗಳು. ಆದರೆ ತಾಂಡರ್ ಹಾಡುವುದು ಅಫ್ಘಾನಿಸ್ತಾನದ ಪಶ್ತೋ ಭಾಷೆಯಲ್ಲಿ! ಅವರು ಜರ್ಮನಿಯವರು, ತಂದೆ ಅಫ್ಘನ್ ಮೂಲದವರು. ಸ್ತೋತ್ರಗಳನ್ನು ಅಫ್ಘನ್ ಕವಿಯೊಬ್ಬರಿಂದ ಪಶ್ತೋಗೆ ಮಾಡಿಸಿದ್ದಾರೆ. ಅದರ ಜೊತೆಗೆ ಸೂಫಿ ಕವಿ ರೂಮಿಯ ಸಾಲುಗಳು ಇಂಗ್ಲಿಷಿನಲ್ಲಿವೆ. ಓದಿದಾಗ ಸುಮ್ನೆ ಗಮನ ಸೆಳೆಯೋಕೆ ಮಾಡಿದ ಕಸರತ್ತು ಅನಿಸಬಹುದು. ಎರಡನೇ ಹಾಡು 'ಐ ಸೀ ಯೂ' ಕೇಳಿದರೆ ಆ ಅನುಮಾನ ಹೋಗುತ್ತದೆ. ರಾಗ ನಿಧಾನವಾಗಿ ಏರುತ್ತದೆ, ಆಕೆ ಒಂದೊಂದು ಸ್ವರದ ತುದಿಯನ್ನು ಸ್ವಲ್ಪ ಬಾಗಿಸುತ್ತಾರೆ, ಪಿಯಾನೊ ಅವರ ಹಿಂದೆಯೇ ಇರುತ್ತದೆ, ಎಲ್ಲೂ ಮುಂದೆ ನುಗ್ಗುವುದಿಲ್ಲ.

ಹಾಗೆ ಬಾಗಿಸುವುದು ಹೊರಗಿನಿಂದ ತಂದು ಹಾಕಿದ್ದಲ್ಲ. ಹಿಂದೆ ನಾರ್ವೆಯ ಎಷ್ಟೋ ಹಳ್ಳಿ ಚರ್ಚುಗಳಲ್ಲಿ ಆರ್ಗನ್ ಇರಲಿಲ್ಲ. ಒಬ್ಬರು ಮುಂದೆ ನಿಂತು ಎತ್ತಿಕೊಟ್ಟರೆ ಊರವರು ಹಿಂದೆ ಹಾಡುತ್ತಿದ್ದರು, ತುಂಬಾ ನಿಧಾನವಾಗಿ, ಪ್ರತಿಯೊಬ್ಬರೂ ತಮಗೆ ಬಂದ ಹಾಗೆ ಸ್ವರ ಸುತ್ತಿಸಿಕೊಂಡು. ನಮ್ಮಲ್ಲಿ ಒಂದೇ ದಾಸರ ಪದಕ್ಕೆ ಊರಿಗೊಂದು ಧಾಟಿ ಇರುತ್ತದಲ್ವಾ, ಹಾಗೇ ಒಂದೇ ಸ್ತೋತ್ರಕ್ಕೆ ಕಣಿವೆಗೊಂದು ರಾಗ. ಆಮೇಲೆ ಆರ್ಗನ್ ಬಂತು, ಅಚ್ಚಾದ ರಾಗದ ಪುಸ್ತಕ ಬಂತು, ಎಲ್ಲರೂ ಒಂದೇ ಥರ ಹಾಡಬೇಕಾಯಿತು. 1848ರಲ್ಲಿ ನಾರ್ವೆಯ ಸಂಗೀತಗಾರ ಲುದ್ವಿಗ್ ಲಿಂಡೆಮನ್ ಹಳ್ಳಿಗಳಿಗೆ ಹೋಗಿ ರಾಗಗಳನ್ನು ಬರೆದುಕೊಳ್ಳಲು ಶುರು ಮಾಡಿದ್ದರಿಂದ ಒಂದಷ್ಟು ಉಳಿದವು. ಎಸ್ಟೋನಿಯಾದಲ್ಲೂ ಇದೇ ಥರದ ಹಾಡಿಕೆ ಇತ್ತು. ಅಲ್ಲಿ ಸಂಗೀತ ರಚನೆಕಾರ ಸಿರಿಲುಸ್ ಕ್ರೇಕ್ ದನಿ ಮುದ್ರಿಸುವ ಹಳೆಯ ಯಂತ್ರ ಫೋನೋಗ್ರಾಫ್ ಹಿಡಿದುಕೊಂಡು ಹೋಗಿ ಸಂಗ್ರಹಿಸಿದರು. ಅದಕ್ಕೇ ನನಗೆ ಜಾಝ್ ಈ ಹಾಡುಗಳಿಗೆ ಸರಿಯಾದ ಜಾಗ ಅನಿಸುವುದು. ಅಚ್ಚಾದ ಪುಸ್ತಕವು ಹಾಡುವವರಿಂದ ಕಿತ್ತುಕೊಂಡಿದ್ದ ಸ್ವಾತಂತ್ರ್ಯ ಇಲ್ಲಿ ವಾಪಸ್ ಸಿಕ್ಕಿದೆ.

ನನಗೆ ತುಂಬಾ ಇಷ್ಟವಾಗಿದ್ದು 'ಎ ಕಾಸಲ್ ಇನ್ ಹೆವನ್'. ನಾರ್ವೆಯಲ್ಲಿ ತುಂಬಾ ಜನಕ್ಕೆ ಗೊತ್ತಿರುವ, ಸ್ವರ್ಗದಲ್ಲಿರುವ ಕೋಟೆಯ ಬಗ್ಗೆ ಹೇಳುವ ಸ್ತೋತ್ರ. ಏಳನೇ ಹಾಡಿನಲ್ಲಿ ರೂಮಿಯ ಗುಲಾಬಿಯ ಕವಿತೆ ಮತ್ತು ಜರ್ಮನ್ ಸಂಗೀತ ರಚನೆಕಾರ ಬಾಖ್ ಬಳಸಿದ್ದ ಹಳೆಯ ಶಿಲುಬೆಯ ಹಾಡು ಎರಡನ್ನೂ ಸೇರಿಸಿದ್ದಾರೆ. ಒಂದು ಸೂಫಿ, ಇನ್ನೊಂದು ಲೂಥರನ್, ಆದರೂ ಹೊಲಿಗೆ ಕಾಣುವುದಿಲ್ಲ. ವೆಸ್ಪೆಸ್ತಾದ್ ಬಗ್ಗೆ ಹೇಳಲೇಬೇಕು. ಇಷ್ಟು ಮೆಲ್ಲಗೆ ಡ್ರಮ್ಸ್ ನುಡಿಸುವುದು ಜೋರಾಗಿ ನುಡಿಸುವುದಕ್ಕಿಂತ ಕಷ್ಟ, ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಚರ್ಮದ ಮೇಲೆ ಕೈ ಸವರಿದ್ದೂ ಗೊತ್ತಾಗುತ್ತದೆ.

ಕೊರತೆಯೂ ಇದೆ. ಹದಿಮೂರು ತುಣುಕುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಒಂದೇ ವೇಗ, ಒಂದೇ ದನಿಮಟ್ಟ. ಒಂದೇ ಸಲಕ್ಕೆ ಪೂರ್ತಿ ಕೇಳಿದರೆ ಕೊನೆಯ ಕಾಲು ಭಾಗದಲ್ಲಿ ಕಿವಿ ಜಾರುತ್ತದೆ. ಇಂಗ್ಲಿಷ್ ಹಾಡುಗಳಲ್ಲಿ ತಾಂಡರ್ ದನಿಗೆ ಪಶ್ತೋದಲ್ಲಿರುವ ಬಿಗಿ ಇಲ್ಲ, ಅಲ್ಲಿ ಪದಗಳು ಸ್ವಲ್ಪ ಜಾಸ್ತಿ ಸಿಹಿಯಾಗುತ್ತವೆ. ಕಾಲು ಕುಣಿಸುವ ಜಾಝ್ ಬೇಕು ಅನ್ನುವವರಿಗೆ ಇದು ಬೇಡವೇ ಬೇಡ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಎರಡರಿಂದ ಐದನೇ ಹಾಡಿನವರೆಗೆ ಒಟ್ಟಿಗೆ ಕೇಳಿ, ಗಾಡಿ ಓಡಿಸುವಾಗ ಬೇಡ, ಅರ್ಧ ಸ್ವರಗಳೇ ಕೇಳಿಸುವುದಿಲ್ಲ. ಹಿಡಿಸಿದರೆ ಗುಸ್ತಾವ್ಸೆನ್ ಅವರ 2018ರ 'ದಿ ಅದರ್ ಸೈಡ್' ಹುಡುಕಿ. ಅದರಲ್ಲಿ ಹಾಡುಗಾರಿಕೆ ಇಲ್ಲ, ಪಿಯಾನೊ, ಬೇಸ್, ಡ್ರಮ್ಸ್ ಮಾತ್ರ. ಹಳೆಯ ಸ್ತೋತ್ರಗಳು ಅಲ್ಲೂ ಇವೆ.